ಪೊಳ್ಳು ಹೂವು

ಆ ಬೆಳಿಗ್ಗೆ ಅಕ್ಕಯಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಏಲಕ್ಕಿಯ ಮೇಲೆ. ಯುದ್ಧ ಶುರುವಾದ ಮೇಲೆ ಹಬ್ಬಕ್ಕೂ ಕಣ್ಣಿಗೆ ಬೀಳದಿದ್ದ ಏಲಕ್ಕಿಯನ್ನು ಅತ್ತೆ ಚಿಕ್ಕಮುನಿಯಮ್ಮ ಎಲ್ಲಿಂದಲೋ ಹೊರಗೆ ತೆಗೆದು, ಸೆರಗಿನ ಗಂಟು ಬಿಚ್ಚಿ, ಒಲೆಯ ಪಕ್ಕದಲ್ಲಿಟ್ಟು, “ಹೂರಣಕ್ಕೆ ಕೈ ಬಿಗಿ ಮಾಡ್ಬ್ಯಾಡ ಕಣಮ್ಮಿ, ಬರೋರು ಮಾರತ್ತಹಳ್ಳಿಯೋರು, ಒಂದಿದ್ರೆ ಒಂಬತ್ತು ಆಡೋ ಜನ” ಎಂದು ಹೇಳಿ ತೋಟಕ್ಕೆ ಹೋಗಿದ್ದಳು. ಬರುವವರು ಯಾರು? ತನ್ನ ಗಂಡ ಮುನಿರಾಜಪ್ಪನಿಗೆ ಎರಡನೆಯ ಹೆಣ್ಣು ಕೊಡುವವರು. ಅವರು ಮನೆ ನೋಡಲು ಬರುತ್ತಾರೆ, ಒಬ್ಬಟ್ಟು ತಿನ್ನುತ್ತಾರೆ, ಬಾವಿ ನೋಡುತ್ತಾರೆ, ತೋಟ ನೋಡುತ್ತಾರೆ. ಕೊನೆಗೆ ಹೆಣ್ಣಿನ ತಾಯಿ ಮಡಿಲು ಒಡ್ಡುತ್ತಾಳೆ. ಆ ಮಡಿಲಿಗೆ ಅಕ್ಕಯಮ್ಮ ತನ್ನ ಕೈಯಾರೆ ವೀಳ್ಯ ಹಾಕಬೇಕು. ಅವರ ಕುಲದಲ್ಲಿ ಅದು ರೂಢಿ. ಮೊದಲನೆಯವಳು ಬದುಕಿರುವಾಗ ಅವಳು ವೀಳ್ಯ ಕೊಡದೆ ಎರಡನೆಯವಳು ಹೊಸ್ತಿಲು ದಾಟುವ ಹಾಗಿಲ್ಲ. ದೊಡ್ಡ ಮರ್ಯಾದೆಯ ರೂಢಿ ಎಂದು ಊರಿನವರು ಹೇಳಿಕೊಳ್ಳುತ್ತಿದ್ದರು. ಹಗ್ಗವನ್ನು ನಿನ್ನ ಕೈಗೇ ಕೊಟ್ಟಿದ್ದೇವೆ, ನೀನೇ ಹಾಕಿಕೋ ಎನ್ನುವುದೂ ಮರ್ಯಾದೆಯೇ. ಅವಳು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ. ತವರಿನಲ್ಲಿ ಅಣ್ಣ ತೀರಿಕೊಂಡು ಅತ್ತಿಗೆಯದೇ ರಾಜ್ಯವಾಗಿರುವ ಹೆಂಗಸು ಉಹೂಂ ಎಂದು ಹೋಗುವುದೆಲ್ಲಿಗೆ ಎಂದು ಇವರು ಲೆಕ್ಕ ಹಾಕಿ, ಸುಮ್ಮನಿದ್ದವಳನ್ನು ಒಪ್ಪಿದವಳೆಂದು ಮಾಡಿಕೊಂಡಿದ್ದರು. ಬೆಲ್ಲ ಕುಟ್ಟುತ್ತಿದ್ದ ಗುಂಡುಕಲ್ಲನ್ನು ಒರಳಿನ ಅಂಚಿಗೆ ಬೇಕೆಂದೇ ಬಡಿದಳು. ಯಾರಿಗೂ ಕೇಳಿಸಲಿಲ್ಲ.

ಅಡುಗೆಮನೆಯ ಕಿಂಡಿಯಿಂದ ತೋಟ ಕಾಣುತ್ತಿತ್ತು. ಬೈಯಪ್ಪನಹಳ್ಳಿಯ ಅಂಚಿನ ಆ ಅರ್ಧ ಎಕರೆಯ ತುಂಬ ಸಿಹಿಗುಂಬಳದ ಬಳ್ಳಿ ಹಬ್ಬಿ, ಇನ್ನೂ ಬಿಸಿಲು ಬೀಳದ ಎಲೆಗಳ ನಡುವೆ ಹೂವು ಬಾಯಿ ಬಿಡುವ ಹೊತ್ತು. ಅಮ್ಮ ಮಗ ಇಬ್ಬರೂ ಬಗ್ಗಿ ಬುಟ್ಟಿಗೆ ಹೂ ಕೀಳುತ್ತಿದ್ದರು. ಆ ಮನೆಯಲ್ಲಿ ಕುಂಬಳದ ಹೂವಿಗೆ ಎರಡು ಹೆಸರು. ಬುಡದಲ್ಲಿ ಹಸಿರು ಗುಂಡು ಹೊತ್ತುಕೊಂಡು ಹುಟ್ಟುವುದು ಕಾಯಿ ಹೂವು. ಉದ್ದ ತೊಟ್ಟಿನ ಮೇಲೆ ಬರಿದೇ ಅರಳಿ, ಬಿಸಿಲೇರುವ ಹೊತ್ತಿಗೆ ಮುದುಡಿ, ಸಂಜೆಗೆ ಬಾಡಿ ಬೀಳುವುದು ಪೊಳ್ಳು ಹೂವು. ಮೊದಲೆಲ್ಲ ಅದನ್ನು ಕೇಳುವವರಿರಲಿಲ್ಲ. ಉದುರಿದ್ದನ್ನು ಹಸು ತಿನ್ನುತ್ತಿತ್ತು. ಈ ಸಲ ಅಕ್ಕಪಕ್ಕದ ಹೊಲಗಳನ್ನೆಲ್ಲ ಮಿಲಿಟರಿಯವರು ತೆಗೆದುಕೊಂಡು ಡೇರೆ ಹೊಡೆದರು, ಡೇರೆಗಳ ಜೊತೆಗೆ ಬಂಗಾಳದ ಅಡುಗೆಯವರು ಬಂದರು, ಅವರಿಗೆ ಈ ಹೂವನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವ ಚಪಲವಿತ್ತು. ಅದನ್ನು ಪತ್ತೆ ಮಾಡಿದವನು ಮುನಿರಾಜಪ್ಪ. ಬೆಳಗಾದರೆ ಎರಡು ಬುಟ್ಟಿ ಹೂವು ಮೆಸ್ಸಿಗೆ. ಅಡುಗೆಯವರ ಜಮೇದಾರ ಮೆಚ್ಚಿ ಅವನಿಗೊಂದು ಹಳೆಯ ಖಾಕಿ ಕೋಟು ಕೊಟ್ಟ, ಹಿತ್ತಾಳೆಯ ಗುಂಡಿಯದು. ಕಾವಲಿನವನು ಆ ಕೋಟಿನ ಗುರುತಿನ ಮೇಲೆ ಕ್ಯಾಂಪಿನ ಗೇಟು ಬಿಡುತ್ತಿದ್ದ. ಅಂದಿನಿಂದ ಸುಡುಬಿಸಿಲಿನಲ್ಲೂ ಮುನಿರಾಜಪ್ಪ ಕೋಟು ಬಿಚ್ಚಿದ್ದಿಲ್ಲ. “ಪೊಳ್ಳು ಹೂವು ಬಳ್ಳೀ ಸತ್ವ ತಿನ್ನೋದು. ಕಿತ್ತಾಕಿದ್ರೆ ಕಾಯಿ ಇನ್ನೂ ದಪ್ಪ ಆಯ್ತವೆ, ನೋಡ್ತಿರಿ” ಎಂದು ಅವನು ಹೇಳಿದಾಗ ಅರಳಿಕಟ್ಟೆಯ ಮೇಲೆ ಕುಳಿತವರೆಲ್ಲ ತಲೆದೂಗಿದ್ದರು. ಅಕ್ಕಯಮ್ಮನೂ ಆ ದಿನ ಒಳಗೊಳಗೇ ಹೆಮ್ಮೆಪಟ್ಟಿದ್ದಳು. ಈಗ ಅದನ್ನು ನೆನೆದರೆ ತನ್ನ ಮೇಲೆ ತನಗೇ ರೇಗುತ್ತದೆ.

ಕಾಯಿ ದಪ್ಪವಾಗಲಿಲ್ಲ. ಹೀಚು ಹಿಡಿದ ಹೂವೆಲ್ಲ ಎರಡು ದಿನ ಹಸಿರಾಗಿದ್ದು, ಮೂರನೆಯ ದಿನ ತುದಿಯಿಂದ ಹಳದಿಗೆ ತಿರುಗಿ, ಮುಟ್ಟಿದರೆ ಕಳಚಿ ಬೀಳತೊಡಗಿತು. ಎಲ್ಲೋ ಎಲೆಯ ಮರೆಯಲ್ಲಿ ಒಂದೆರಡು ಉಳಿದಿದ್ದನ್ನು ಬಿಟ್ಟರೆ ಬಳ್ಳಿಯುದ್ದಕ್ಕೂ ಬರೀ ಎಲೆ. ಮೊದಲ ಹೀಚು ಉದುರಿದ ದಿನ ಅಕ್ಕಯಮ್ಮ ತೋಟಕ್ಕೆ ಬುತ್ತಿ ತೆಗೆದುಕೊಂಡು ಹೋಗಿದ್ದಳು. ಸಾಕಲ್ಲ? ಇನ್ನೇನು ಬೇಕು? ಮಕ್ಕಳಾಗದವಳ ನೆರಳು. ಅತ್ತೆ ಅದನ್ನು ಕೂಗಿ ಹೇಳಲಿಲ್ಲ, ಬಾವಿಕಟ್ಟೆಯಲ್ಲಿ ಬಿಂದಿಗೆ ತಿಕ್ಕುತ್ತ ತನಗೆ ತಾನೇ ಹೇಳಿಕೊಳ್ಳುವ ಹಾಗೆ ಹೇಳಿದಳು. ಹಾಗೆ ಹೇಳಿದ ಮಾತು ಊರಿಗೆಲ್ಲ ಕೇಳಿಸುತ್ತದೆ. ಯುಗಾದಿಯ ಮಾರನೆಯ ದಿನದಿಂದ ಅವಳು ತೋಟದ ಮುಳ್ಳುಗೇಟು ದಾಟಬಾರದೆಂದು ಆಯಿತು. ಮದುವೆಯಾಗಿ ಬಂದ ಹೊಸತರಲ್ಲಿ ಇದೇ ತೋಟದಲ್ಲಿ, ಅಗೋ ಅಲ್ಲೊಂದು ಕಾಯಿ, ಎಂದು ಸಂತೋಷಕ್ಕೆ ಬೆರಳು ಚಾಚಿದ್ದಳು. ಅತ್ತೆ ಆ ಕೈ ಹಿಡಿದು ಕೆಳಕ್ಕೆ ಜಗ್ಗಿ, “ಹೀಚಿಗೆ ಬೆಟ್ಟು ತೋರಿಸ್ತಾರೇನೆ? ಕೊಳ್ತೋಯ್ತದೆ. ಕಚ್ಕೋ ಬೆಟ್ಟು, ಕಚ್ಕೋ” ಎಂದು ಬೆರಳನ್ನು ಅವಳ ಬಾಯಿಗೇ ತುರುಕಿದ್ದಳು. ಹದಿನಾಲ್ಕು ವರ್ಷದ ಹುಡುಗಿ ತನ್ನ ಬೆರಳು ತಾನು ಕಚ್ಚಿಕೊಂಡು ನಿಂತಿದ್ದಳು, ನೋಡಿದವರೆಲ್ಲ ನಕ್ಕಿದ್ದರು. ಆ ಹಲ್ಲಿನ ಗುರುತು ಯಾವಾಗಲೋ ಹೋಯಿತು. ಆದರೆ ಏನನ್ನಾದರೂ ತೋರಿಸಬೇಕಾದಾಗ ಈಗಲೂ ಅವಳ ಬೆರಳು ಅರ್ಧ ಚಾಚಿ ಮಡಚಿಕೊಳ್ಳುತ್ತದೆ.

ಹಾಗಾದರೆ ಸೋರೆಬಳ್ಳಿ? ಮಾಡಿನ ಮೇಲೆ ಹಬ್ಬಿದ ಸೋರೆ ಈ ಸಲವೂ ಕೈತುಂಬ ಕಾಯಿ ಬಿಟ್ಟಿತ್ತು. ಅದರ ಬುಡಕ್ಕೆ ಪಾತ್ರೆ ತೊಳೆದ ನೀರು ಹಾಕುವವಳು ತಾನೇ, ಅದರ ಕೆಳಗೆ ಮಲಗುವವಳು ತಾನೇ. ಆ ನೆರಳು ಎಲ್ಲಿ ಹೋಯಿತು? ಕೇಳಿದ್ದಳು ಕೂಡ. ಅತ್ತೆ ಒಂದು ಗಳಿಗೆಯೂ ಯೋಚಿಸದೆ, “ಅದು ಮ್ಯಾಲೈತೆ, ನಿನ್ನ ನೆರಳು ಅಲ್ಲೀಗಂಟ ಏರಲ್ಲ” ಎಂದಳು. ಮಾತಿಗೆ ಉತ್ತರ ಇರುವ ಜನರ ಎದುರು ನ್ಯಾಯ ಇಟ್ಟುಕೊಂಡು ಏನು ಮಾಡುವುದು? ಸೋರೆಯ ಬಿಳಿ ಹೂವು ಮುಚ್ಚಂಜೆಗೆ ಅರಳುತ್ತಿತ್ತು, ಅದೇ ಹೊತ್ತಿಗೆ ಬೂದುಬಣ್ಣದ ಪತಂಗಗಳು ಎಲ್ಲಿಂದಲೋ ಬಂದು ಹೂವಿಂದ ಹೂವಿಗೆ ಹಾರಿ ಮೂತಿ ಹಾಕುತ್ತಿದ್ದವು. ಆ ಹೊತ್ತಿನಲ್ಲಿ ಬೇರೆ ಬಣ್ಣ ಕಾಣುವುದಿಲ್ಲ, ಬಿಳಿಯೊಂದು ಕಾಣುತ್ತದೆ. ಕುಂಬಳದ ಹಳದಿ ಹೂವಾದರೋ ಕೋಳಿ ಕೂಗಿದ ಮೇಲೆ ಬಾಯಿ ಬಿಡುವುದು, ಅದಕ್ಕೆ ತುಡುವೆ ಜೇನು, ಕಪ್ಪು ದುಂಬಿ. ಯಾವ ಹೊತ್ತಿಗೆ ಯಾರು ಬರುತ್ತಾರೆ ಎನ್ನುವುದು ಹೂವಿಗೆ ಗೊತ್ತು, ಹೂವು ಎಷ್ಟು ಹೊತ್ತು ಬಾಗಿಲು ತೆರೆದಿರುತ್ತದೆ ಎನ್ನುವುದು ಜೇನುನೊಣಕ್ಕೆ ಗೊತ್ತು. ತಲೆತಲಾಂತರದಿಂದ ಒಬ್ಬರ ಸಮಯಕ್ಕೆ ಒಬ್ಬರು ಒಗ್ಗಿಕೊಂಡು ಬಂದ ಬಾಳುವೆ ಅದು. ಮನುಷ್ಯರಿಗೆ ಮಾತ್ರ ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಗೊತ್ತು. ಈ ಸಲ ಅವಳು ಬೇಲಿಯ ಸಂದಿಯಲ್ಲಿ ನಿಂತು ನೊಣಗಳನ್ನು ನೋಡುತ್ತಿದ್ದಳು. ಬರುತ್ತಿದ್ದವು, ಪಾಪ, ಉಳಿದ ಕಾಯಿ ಹೂವುಗಳ ಒಳಗೆ ಹೋಗಿ ಜೇನು ಹೀರಿ ಹೊರಬರುತ್ತಿದ್ದವು, ಆದರೆ ಬೆನ್ನ ಮೇಲೆ ಕಾಲ ಮೇಲೆ ಎಂದಿನ ಹಳದಿ ಪುಡಿಯಿಲ್ಲ. ಪುಡಿಯಿದ್ದ ಹೂವೆಲ್ಲ ಅಷ್ಟು ಹೊತ್ತಿಗೆ ಬುಟ್ಟಿಯಲ್ಲಿ ಒದ್ದೆ ಗೋಣಿಯ ಕೆಳಗಿರುತ್ತಿತ್ತು.

ಪುಡಿಯ ವಿಷಯ ಅವಳಿಗೆ ಲತೀಫನಿಂದ ತಿಳಿದದ್ದು. ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತು ಹಲಸೂರಿನ ಬಂಗಲೆಗಳಿಗೆ ಮಾರಿಕೊಂಡು ಹೋಗುತ್ತಿದ್ದ ಕಾಲ. ಕೆರೆಯ ಮಗ್ಗುಲಿನ ಒಂದು ಬಂಗಲೆಯ ಮಾಲಿ ಲತೀಫ್, ಗಡ್ಡಕ್ಕೆ ಮದರಂಗಿ ಹಚ್ಚಿದ ಮುದುಕ, ದೊರೆಸಾನಿಯ ಕರಬೂಜದ ಬಳ್ಳಿಗೆ ಸುತ್ತಲೂ ಸಣ್ಣ ಕಣ್ಣಿನ ಬಲೆ ಕಟ್ಟಿ, ಅದರೊಳಗೆ ಕುಕ್ಕರುಗಾಲಿನಲ್ಲಿ ಕೂತು ಹೂವಿಗೆ ಹೂವು ಒತ್ತುತ್ತಿದ್ದ. ಅದೇನು ಮಾಡುತ್ತಿದ್ದೀರಿ ಸಾಬರೇ ಎಂದು ಕೇಳಿದ್ದಕ್ಕೆ, “ಕಾಯಿಗೆ ಹುಳ ಬೀಳಬಾರ್ದು ಅಂತ ದೊರೆಸಾನಿ ಬಲೆ ಕಟ್ಸವ್ರೆ ಅಕ್ಕಾ. ಹುಳ ಬರಲ್ಲ, ಸರಿ. ನೊಣಾನೂ ಬರಲ್ಲ. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಯಾರು ತಂದು ಕೊಡ್ತಾರೆ? ಅದಕ್ಕೆ ಇಲ್ಲಿ ನಾನೇ ನೊಣ” ಎಂದು, ಗುಂಯ್ ಎಂದು ಸದ್ದು ಮಾಡಿ ತೋರಿಸಿದ್ದ. ತಲೆಯ ಮೇಲಿನ ಬುಟ್ಟಿ ಅಲುಗುವ ಹಾಗೆ ಅವಳು ನಕ್ಕಿದ್ದಳು. ಎಷ್ಟೋ ವರ್ಷದ ಮೇಲೆ ಈ ಬೇಸಗೆಯಲ್ಲಿ, ಉದುರಿದ ಹೀಚನ್ನು ಅತ್ತೆ ಹೊಸ್ತಿಲ ಮೇಲೆ ತಂದು ತನ್ನ ಕಣ್ಣೆದುರು ಸುರಿದಾಗ, ಆ ಗುಂಯ್ ಸದ್ದು ಕಿವಿಯಲ್ಲಿ ಮತ್ತೆ ಕೇಳಿಸಿತು. ಕೂಡಲೇ ಹೇಳಿಬಿಟ್ಟಳು. ಪೊಳ್ಳು ಹೂವು ಪೊಳ್ಳಲ್ಲ, ಅದೇ ಗಂಡು ಹೂವು, ಅದನ್ನು ಕಿತ್ತರೆ ಕಾಯಿ ನಿಲ್ಲುವುದಿಲ್ಲ, ಅರ್ಧವಾದರೂ ಬಿಡಿ ಎಂದಳು. ಮುನಿರಾಜಪ್ಪ ಕೋಟಿನ ಗುಂಡಿ ಉಜ್ಜುತ್ತಿದ್ದವನು ತಲೆಯೆತ್ತಿ, “ಹೂವಿಗೂ ಗಂಡು ಹೆಣ್ಣಾ? ಹೇಳಕ್ಕೆ ನಾಚಿಕೆ ಆಗಲ್ವಾ ನಿಂಗೆ?” ಎಂದ. ಅತ್ತೆ ಕಿವಿ ಮುಚ್ಚಿಕೊಂಡು, “ಬಿಡಪ್ಪಾ, ಮಕ್ಕಳಾಗ್ದಿದ್ದೋರಿಗೆ ಎಲ್ಲೆಲ್ಲೂ ಅದೇ ಕಾಣ್ತದೆ” ಎಂದಳು. ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ನಿಂತಿತು. ಬೈಗುಳವಾಗಿದ್ದರೆ ತಿರುಗಿ ಬೈಯಬಹುದಿತ್ತು. ಇದು ಕನಿಕರದ ದನಿಯಲ್ಲಿ ಹೇಳಿದ ಮಾತು. ಅವಳು ಎದ್ದು ಹೋಗಿ ದನದ ಕೊಟ್ಟಿಗೆಯಲ್ಲಿ ನಿಂತಳು, ನಿಜಕ್ಕೂ ತಾನು ಏನೋ ಹೊಲಸು ಆಡಿದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಹಾಗೆ ಕೇಳಿಕೊಂಡದ್ದಕ್ಕೆ ಈಗ ಇನ್ನಷ್ಟು ಸಿಟ್ಟು.

ಹೂರಣ ಹದಕ್ಕೆ ಬಂದಿತ್ತು. ಕಣಕದ ಉಂಡೆಯನ್ನು ಅಂಗೈಯಲ್ಲಿ ತಟ್ಟುತ್ತ ನೋಡಿದಳು, ಬೆರಳ ಸಂದಿಯಲ್ಲಿ ಅರಿಸಿನ. ತರಕಾರಿ ಮಾರುತ್ತಿದ್ದ ಕಾಲದಲ್ಲೇ ಒಮ್ಮೆ, ಹಲಸೂರಿನ ದಂಡುಪ್ರದೇಶದ ಮಿಷನ್ ಆಸ್ಪತ್ರೆಯ ಬೆಳ್ಳನೆಯ ಮೇಜಿನ ಮೇಲೆ ಮಲಗಿದಾಗಲೂ ಕೈಯಲ್ಲಿ ಅರಿಸಿನದ ಕಲೆಯಿತ್ತು, ಅದನ್ನು ಮುಚ್ಚಿಟ್ಟುಕೊಳ್ಳಲು ಮುಷ್ಟಿ ಕಟ್ಟಿದ್ದಳು. ಬಿಳಿಯ ಡಾಕ್ಟರಮ್ಮನ ಕೈ ತಣ್ಣಗಿತ್ತು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಿದ್ದವಳಿಗೆ ಆಯಾ ಗುಲ್ಷನ್ ಭುಜ ತಟ್ಟಿ, “ಏಳು ಬಾಯಿ. ಅಮ್ಮಾವ್ರು ಹೇಳ್ತಾರೆ, ನಿಂದು ಎಲ್ಲಾ ಸರಿಯಾಗೈತೆ. ಯಜಮಾನರನ್ನ ಕರ್ಕೊಂಡ್ ಬಾ, ಅವರ್ದೂ ನೋಡ್ಬೇಕು” ಎಂದಳು. ಅವರದೂ ನೋಡಬೇಕು. ಹಲಸೂರಿನಿಂದ ಬೈಯಪ್ಪನಹಳ್ಳಿಯವರೆಗೆ ಆ ಮಾತನ್ನು ಎಣ್ಣೆ ತುಂಬಿದ ಬಟ್ಟಲಿನ ಹಾಗೆ ತಂದಿದ್ದಳು. ಹೇಗೆ ಹೇಳಿದರೆ ಅವನಿಗೆ ನೋವಾಗುವುದಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಅವನಿಗೆ ನೋವಾಗಬಾರದು, ನೋಡಿ! ಊಟವಾದ ಮೇಲೆ ಎಲೆಯಡಿಕೆ ಕೊಟ್ಟು ಮೆತ್ತಗೆ ಹೇಳಿದಳು. ಅವನು ಎದ್ದು ಹೋಗಿ ಬಾವಿಕಟ್ಟೆಯಲ್ಲಿ ಬಹಳ ಹೊತ್ತು ಕಾಲು ತೊಳೆದ. ತಿರುಗಿ ಬಂದು, “ನಾಳೆಯಿಂದ ದಂಡಿಗೆ ಮಾರಕ್ಕೆ ಹೋಗೋದು ಬ್ಯಾಡ” ಎಂದ. ಅಷ್ಟೇ. ಆಸ್ಪತ್ರೆಯ ಸುದ್ದಿ ಎತ್ತಲಿಲ್ಲ, ಬೈಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ, ಇವನು ಹೆಗಲು ಮುಟ್ಟಿಕೊಳ್ಳದೆ ಹೆಂಡತಿಯ ಕಾಲು ಕಟ್ಟಿದ. ಆ ಮೇಲೆ ಊರಿನಲ್ಲಿ ಅವಳ ಹೆಸರು ಬೇರೆಯಾಯಿತು, ಸೀಮಂತಕ್ಕೆ ಕರೆಯುವುದು ನಿಂತಿತು, ತೊಟ್ಟಿಲು ತೂಗುವ ಮನೆಗಳಲ್ಲಿ ಇವಳು ಬಂದರೆ ಮಗುವಿನ ಮೇಲೆ ಸೆರಗು ಎಳೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆಯ ಉರಿಯಾದರೂ ಎತ್ತಿಗೆ ತಿಳಿಯಬೇಡವೇ?

ಎರಡು ವಾರದ ಕೆಳಗೆ, ಮಾರತ್ತಹಳ್ಳಿಯವರು ಬರುವುದು ಗೊತ್ತಾದ ಮಾರನೆಯ ಬೆಳಿಗ್ಗೆ, ಅವಳು ಕಳ್ಳತನ ಮಾಡಿದಳು. ಬುಟ್ಟಿಗಳನ್ನು ಜಗಲಿಯ ಮೇಲಿಟ್ಟು ಮುನಿರಾಜಪ್ಪ ಹಗ್ಗ ತರಲು ಒಳಗೆ ಹೋದಾಗ ಗೋಣಿಯ ಕೆಳಗೆ ಕೈ ಹಾಕಿ ಒಂದು ಹೂವು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಳು. ಗಂಡ ಗಾಡಿದಾರಿಗೆ ಇಳಿದ, ಅತ್ತೆ ಹಾಲು ಕರೆಯಲು ಕೂತಳು. ಬೇಲಿಯ ಸಂದಿಯಲ್ಲಿ ತೂರಿ ತೋಟದ ಹಿಂಬದಿಗೆ ಹೋದಳು. ಹೂವಿನ ಎಸಳುಗಳನ್ನು ಹಿಂದಕ್ಕೆ ಮಡಚಿ, ನಡುವಿನ ಹಳದಿ ಬತ್ತಿಯನ್ನು ಹಿಡಿದು, ಕಾಯಿ ಹೂವಿನ ಒಳಗೆ ಅಂಟಂಟಾಗಿದ್ದ ಗಂಟಿಗೆ ಒತ್ತಿದಳು. ಒಂದು, ಎರಡು, ಮೂರು ಹೂವಿಗೆ. ತನ್ನ ಮನೆಯ ತೋಟದಲ್ಲಿ ತನ್ನ ಮನೆಯ ಹೂವಿಗೆ ತನ್ನ ಮನೆಯ ಹೂವನ್ನು ಮುಟ್ಟಿಸುವಾಗ ಹಾದರ ಮಾಡುವವಳಿಗೆ ಬರುವ ಬೆವರು ಬಂತು. ಯಾರಾದರೂ ನೋಡಿದರೆ ಮಾಟ ಎನ್ನುತ್ತಾರೆ. ಎನ್ನಲಿ. ಹಳೆಯ ಸೀರೆಯ ಕೆಂಪು ಅಂಚನ್ನು ಹರಿದು ಮೂರೂ ತೊಟ್ಟಿಗೆ ಸಡಿಲವಾಗಿ ಕಟ್ಟಿ ಬಂದಳು. ಅತ್ತೆ ಬೆರಳು ನೋಡಿ “ಅದೇನು ಹಳದಿ?” ಎಂದಾಗ “ಅರಿಸಿನ” ಎಂದಳು.

ಆಮೇಲಿನ ದಿನಗಳು ಹೇಗೆ ಕಳೆದವೋ. ಹಿತ್ತಲಿಗೆ ಹೋಗುವ ನೆವದಲ್ಲಿ ಬೇಲಿಯ ಸಂದಿಯಿಂದ ನೋಡಿ ಬರುವುದು. ನಾಲ್ಕನೆಯ ದಿನ ಒಂದು ಹೀಚು ಹಳದಿಗೆ ತಿರುಗಿತು. ಅತ್ತೆ ಹೇಳಿದ್ದು ನಿಜವೇನೋ, ತನ್ನಲ್ಲೇ ಏನೋ ಇದೆಯೇನೋ, ಡಾಕ್ಟರಮ್ಮ ದೊರೆಸಾನಿ, ಇಲ್ಲಿಯ ನೆರಳು ಬೆಳಕು ಅವಳಿಗೆ ಹೇಗೆ ಗೊತ್ತಾಗಬೇಕು. ಆ ದಿನ ಅವಳಿಗೆ ಊಟ ಸೇರಲಿಲ್ಲ, ಅತ್ತೆಗೆ ಎದುರಾಡಲಿಲ್ಲ, ಹೇಳದಿದ್ದರೂ ಅವಳ ಕಾಲೊತ್ತಿದಳು. ಇಷ್ಟು ಮಂದಿ ಇಷ್ಟು ವರ್ಷ ಹೇಳಿದ್ದನ್ನು ಅವಳ ಮೈಯೇ ಒಳಗಿನಿಂದ ನಂಬಿಬಿಟ್ಟಿತ್ತು, ಅದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಆದರೆ ಮಿಕ್ಕೆರಡು ನಿಂತವು. ನಿಂಬೆಯಷ್ಟಾದವು, ತೆಂಗಿನಕಾಯಿಯಷ್ಟಾದವು. ಕೆಂಪು ಚಿಂದಿ ಬಿಗಿಯಾಯಿತು. ದೊಡ್ಡ ಎಲೆಯೊಂದನ್ನು ಅವುಗಳ ಮೇಲೆ ಸರಿಸಿ, ಮೇಲೆ ಒಣ ಸೊಪ್ಪು ಹಾಕಿ ಮುಚ್ಚಿದಳು. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಮಾರತ್ತಹಳ್ಳಿಯವರು ಹೊತ್ತೇರಿದ ಮೇಲೆ ಎತ್ತಿನ ಗಾಡಿಯಲ್ಲಿ ಬಂದರು. ಹೆಣ್ಣಿನ ತಾಯಿ ಅಂಜಿನಮ್ಮ, ಗಂಡ ಹಾಸಿಗೆ ಹಿಡಿದು ಮನೆಯ ಭಾರ ಹೊತ್ತವಳು, ಬಣ್ಣ ಮಾಸಿದ ಸೀರೆಯನ್ನು ಗಂಜಿ ಹಾಕಿ ಮಡಿ ಮಾಡಿ ಉಟ್ಟಿದ್ದಳು. ಜೊತೆಗೆ ಅವಳ ಅಣ್ಣ ಬೈಲಪ್ಪ, ಮಾತಿನ ಮನುಷ್ಯ. ಅಂಜಿನಮ್ಮ ಒಬ್ಬಟ್ಟನ್ನು ಅರ್ಧ ತಿಂದು ಮಿಕ್ಕಿದ್ದನ್ನು ಎಲೆಯಲ್ಲಿ ಮಡಚಿ ಸೆರಗಿಗೆ ಕಟ್ಟಿಕೊಂಡಳು, ಮಗಳಿಗೆ. ಅಕ್ಕಯಮ್ಮ ಅದನ್ನು ನೋಡಿದಳು. ಎಷ್ಟು ವಯಸ್ಸು ಎಂದು ಬಡಿಸುತ್ತ ಕೇಳಿದಳು. “ಹದಿನೈದು ತುಂಬ್ತು ಕಣವ್ವಾ. ನಿನ್ನ ತಂಗಿ ಅಂತ ನೋಡ್ಕೋ” ಎಂದಳು ಅಂಜಿನಮ್ಮ, ಮುಖ ನೋಡದೆ. ಈ ಹೆಂಗಸಿನ ಮೇಲೂ ಸಿಟ್ಟು ಬಂತು. ತನ್ನ ಹೆಸರು ಕೇಳಿಯೇ ಬಂದಿದ್ದಾಳೆ, ತನ್ನ ಬಸಿರು ಬರಿದೆಂದು ಕೇಳಿಯೇ ಮಗಳ ಬಸಿರಿಗೆ ಬೆಲೆ ಬಂದಿದೆ. ಆದರೆ ಸೆರಗಿನ ಗಂಟಿನಲ್ಲಿದ್ದ ಆ ಅರ್ಧ ಒಬ್ಬಟ್ಟು ಸಿಟ್ಟನ್ನು ನಿಲ್ಲಗೊಡಲಿಲ್ಲ. ಹದಿನೈದು ವರ್ಷದ ಹುಡುಗಿ ಮನೆಯಲ್ಲಿ ಕಾಯುತ್ತಿರುತ್ತಾಳೆ, ಅಮ್ಮ ಬಂದ ಮೇಲೆ ಗಂಟು ಬಿಚ್ಚಿ ತಿನ್ನುತ್ತಾಳೆ, ಏಲಕ್ಕಿ ಎಷ್ಟು ಘಮ ಎನ್ನುತ್ತಾಳೆ.

ಊಟವಾಗಿ ಎಲ್ಲರೂ ತೋಟದ ಕಡೆ ಹೊರಟರು. ಚಿಕ್ಕಮುನಿಯಮ್ಮ ಅಕ್ಕಯಮ್ಮನ ಕೈಗೆ ವೀಳ್ಯದ ತಟ್ಟೆ ಕೊಟ್ಟು, “ಗೇಟಿನ ತಾವ ನಿಂತ್ಕೋ. ಅವರು ಈಚೆಗೆ ಬಂದಾಗ ಮಡಿಲಿಗೆ ಹಾಕು. ಅಳ್ಬ್ಯಾಡ, ಶುಭಕಾರ್ಯ” ಎಂದಳು. ಅಕ್ಕಯಮ್ಮ ಮುಳ್ಳುಗೇಟಿನ ಹೊರಗೆ ನಿಂತಳು. ಒಳಗೆ ಬೈಲಪ್ಪ ಬಳ್ಳಿಯ ನಡುವೆ ನಿಂತು ಕೋಲಿನಿಂದ ಎಲೆ ಸರಿಸುತ್ತ, “ಬಳ್ಳಿ ಏನೋ ಭರ್ಜರಿಯಾಗೈತೆ. ಕಾಯೇ ಕಾಣಲ್ವಲ್ಲಪ್ಪ?” ಎಂದ. ಮುನಿರಾಜಪ್ಪ ಕೋಟಿನ ಜೇಬಿಗೆ ಕೈ ಹಾಕಿಕೊಂಡು ನಕ್ಕ. “ಏನ್ ಮಾಡೋದು ಮಾವ, ಮನೇಲಿರೋ ದೋಷ. ಹೊಸ ಕೈ ಬಂದ್ರೆ ಎಲ್ಲಾ ಸರಿಹೋಯ್ತದೆ.” ಗೇಟಿನಲ್ಲಿ ಹೆಂಡತಿ ನಿಂತಿರುವುದನ್ನು ಅವನು ನೋಡಿದ್ದ. ನೋಡಿಯೇ ಹೇಳಿದ. ಅವಳು ಮನುಷ್ಯಳೇ ಅಲ್ಲ ಎನ್ನುವ ಹಾಗೆ, ಗೋಡೆಯ ಬಿರುಕನ್ನು ನೆಂಟರಿಗೆ ತೋರಿಸುವ ಹಾಗೆ ಹೇಳಿದ.

ಅಕ್ಕಯಮ್ಮ ಗೇಟು ತೆರೆದು ಒಳಗೆ ನಡೆದಳು. ಅತ್ತೆ “ಲೇ, ನಿಂತ್ಕೋ! ಅಲ್ಲೇ ನಿಂತ್ಕೋ!” ಎಂದು ಕೂಗಿದ್ದು ಕೇಳಿಸಿತು. ತಟ್ಟೆಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಳ್ಳಿ ದಾಟಿ, ಹಿಂಬದಿಯ ಬೇಲಿಯ ಹತ್ತಿರ ಹೋಗಿ, ಒಣ ಸೊಪ್ಪನ್ನು ಕಾಲಿನಿಂದ ಸರಿಸಿ, ಎಲೆ ಎತ್ತಿದಳು. ಹಸಿರು ಹೊಳೆಯುವ ಎರಡು ಕಾಯಿ, ತೊಟ್ಟಿನಲ್ಲಿ ಕೆಂಪು ಚಿಂದಿ. ಬೆರಳು ಚಾಚಿದಳು. ಎಂದಿನ ಹಾಗೆ ಅರ್ಧದಲ್ಲಿ ಅದು ಮಡಚಿಕೊಳ್ಳಲು ನೋಡಿತು. ಅವಳು ಬಿಡಲಿಲ್ಲ.

“ಬೆಟ್ಟು ಮಡಚೇ!” ಅತ್ತೆಯ ದನಿ ಒಡೆದಿತ್ತು. “ಹೀಚಿಗೆ ಬೆಟ್ಟು ತೋರಿಸ್ತೀಯಾ, ಹಾಳಾದೋಳೆ!”

“ಮಡಚಲ್ಲ ಅತ್ತೆ. ಕೊಳೀತದಾ ನೋಡೇ ಬಿಡಾನ.” ಅವಳಿಗೆ ತನ್ನ ದನಿಯೇ ಹೊಸದಾಗಿತ್ತು. “ಪೊಳ್ಳು ಹೂವು ಅಂತ ದಿನಾ ಬೆಳಿಗ್ಗೆ ಕಿತ್ತು ಮೆಸ್ಸಿಗೆ ಕೊಡ್ತೀರಲ್ಲ, ಆ ಹೂವಿನ ಪುಡಿ ನೊಣ ತಂದು ಹಾಕಿದ್ರೇನೇ ಕಾಯಿ ಕಚ್ಚೋದು. ನೀವು ನೊಣಕ್ಕೆ ಒಂದು ಹೂವೂ ಉಳಿಸಲಿಲ್ಲ. ಇವೆರಡಕ್ಕೆ ನಾನೇ ಹಾಕ್ದೆ, ಇದೇ ಕೈಯಲ್ಲಿ. ನನ್ನ ನೆರಳು ಇವುಗಳ ಮ್ಯಾಲೇ ಬಿದ್ದಿತ್ತು. ದಿನಾ ಬಂದು ನೋಡ್ತಿದ್ದೆ. ಎಲ್ಲಿ ಕೊಳ್ತವೆ? ಕಣ್ಣು ಬಿಟ್ಟು ನೋಡಿ.” ಆಮೇಲೆ ಅಂಜಿನಮ್ಮನ ಕಡೆ ತಿರುಗಿದಳು. “ಅಂಜಿನಮ್ಮಾರೇ, ದಂಡಿನ ಆಸ್ಪತ್ರೇಲಿ ನನ್ನ ನೋಡಿ ಎಲ್ಲಾ ಸರಿಯಾಗೈತೆ ಅಂದ್ರು. ಇವರನ್ನ ಕರ್ಕೊಂಬಾ ಅಂದ್ರು. ಇವರು ಬರಲಿಲ್ಲ. ನಾಳೆ ನಿಮ್ಮ ಮಗಳನ್ನೂ ಇದೇ ಗೇಟಿನಾಚೆ ನಿಲ್ಲಿಸ್ತಾರೆ. ನಾನು ನಿಂತಂಗೆ.” ಬೆರಳು ಇನ್ನೂ ಚಾಚಿಯೇ ಇತ್ತು, ಈಗ ಅದು ಗಂಡನ ಕಡೆಗಿತ್ತು.

ಬೈಲಪ್ಪ ಕೋಲಿನ ತುದಿ ನೋಡಿಕೊಂಡ. ಮುನಿರಾಜಪ್ಪನ ಮುಖ ಕಪ್ಪಿಟ್ಟಿತು. ಅವನು ಸುಳ್ಳು ಎನ್ನಬಹುದಿತ್ತು. ಆಸ್ಪತ್ರೆಯವರ ಮಾತು ಯಾರು ನಂಬುತ್ತಾರೆ ಎಂದು ನಕ್ಕುಬಿಡಬಹುದಿತ್ತು, ಗಂಡಸರು ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಬಳ್ಳಿ ತುಳಿದುಕೊಂಡು ನುಗ್ಗಿ, ಎರಡೂ ಕಾಯಿಗಳನ್ನು ತಿರುಚಿ ಕಿತ್ತು, ಕಾಲುವೆಯ ಚಪ್ಪಡಿಗೆ ಒಂದರ ಹಿಂದೊಂದು ಅಪ್ಪಳಿಸಿದ. ಕೋಟಿನ ಮೇಲೆ ತಿರುಳು ಸಿಡಿಯಿತು. ಕಾಯಿ ಒಡೆದ ಸದ್ದು ಸಣ್ಣದು. ಆದರೆ ಆ ಸದ್ದಿನಲ್ಲಿ ಅಲ್ಲಿದ್ದ ಮೂವರಿಗೂ ಎಲ್ಲ ತಿಳಿದುಹೋಯಿತು, ಅಕ್ಕಯಮ್ಮ ಇನ್ನು ಬಾಯಿ ಬಿಡುವ ಅಗತ್ಯವೇ ಇರಲಿಲ್ಲ.

ಚಿಕ್ಕಮುನಿಯಮ್ಮ ಚಪ್ಪಡಿಯ ಹತ್ತಿರ ಕುಕ್ಕರಿಸಿದಳು. ಹುಟ್ಟಿದಾಗಿನಿಂದ ಮಣ್ಣು ಅಗೆದ ಮುದುಕಿ, ಒಡೆದ ಹೋಳೊಂದನ್ನು ಎತ್ತಿಕೊಂಡು ಹೆಬ್ಬೆರಳ ಉಗುರಿನಿಂದ ತಿರುಳು ಬಿಡಿಸಿದಳು. ಒಳಗೆ ಬೆಳ್ಳಗೆ ಸಾಲುಸಾಲಾಗಿ ಎಳೆಯ ಬೀಜ. ಒಂದನ್ನು ಹಿಚುಕಿ ನೋಡಿದಳು. “ಬೀಜ ಕಟ್ಟಿತ್ತಲ್ಲೋ ರಾಜಾ” ಎಂದಳು, ಬೈಯುವ ದನಿಯಲ್ಲ, ಯಾರೋ ಸತ್ತ ಸುದ್ದಿ ಕೇಳಿದವಳ ದನಿ. “ಬೀಜ ಕಟ್ಟಿತ್ತು.”

ಅಂಜಿನಮ್ಮ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. “ಏಳಣ್ಣ, ಹೊತ್ತಾಯ್ತು” ಎಂದಳು. ಎದ್ದು ನಿಂತೇ ಇದ್ದ ಬೈಲಪ್ಪ ಹೂಂ ಎಂದು ಗಾಡಿಯ ಕಡೆ ನಡೆದ. ಹೋಗುವಾಗ ಅವಳು ಅಕ್ಕಯಮ್ಮನ ಮುಖ ನೋಡಲಿಲ್ಲ, ಒಂದು ಒಳ್ಳೆಯ ಮಾತು ಆಡಲಿಲ್ಲ. ವೀಳ್ಯ ತಟ್ಟೆಯಲ್ಲಿಯೇ ಉಳಿಯಿತು. ಆ ದಿನ ಮನೆಯಲ್ಲಿ ಯಾರೂ ಅಕ್ಕಯಮ್ಮನ ಮೇಲೆ ಕೈ ಮಾಡಲಿಲ್ಲ, ಅವಳು ಅದಕ್ಕೆ ತಯಾರಾಗಿ ಕೂತಿದ್ದಳು. ಮುನಿರಾಜಪ್ಪ ಕೋಟು ಒದ್ದೆ ಬಟ್ಟೆಯಿಂದ ಒರೆಸಿಕೊಂಡ. ಮಿಕ್ಕ ಒಬ್ಬಟ್ಟನ್ನು ಅವಳೇ ತಿಂದಳು, ಏಲಕ್ಕಿ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಮುನಿರಾಜಪ್ಪ ಬುಟ್ಟಿ ಹಿಡಿದು ತೋಟಕ್ಕೆ ಹೋದರೆ ಅವನ ಅಮ್ಮ ಮುಳ್ಳುಗೇಟಿಗೆ ಅಡ್ಡ ಕೂತಿದ್ದಳು. ಅಕ್ಕಯಮ್ಮ ಕಿಂಡಿಯಿಂದ ಕೇಳಿಸಿಕೊಂಡಳು.

“ಇವತ್ತು ಹೂವು ಮುಟ್ಬ್ಯಾಡ.”

“ಮೆಸ್ಸಿನೋರು ಕಾಯ್ತಿರ್ತಾರಮ್ಮ.”

“ಕಾಯ್ಲಿ. ನೊಣ ಬಂದು ಹೋಗ್ಲಿ. ಬಿಸಿಲೇರಿದ ಮ್ಯಾಲೆ ಬಾಡಿದ್ದನ್ನ ಕಿತ್ಕೋ.”

ತೋಟವೆಲ್ಲ ಹಳದಿಯಾಗಿತ್ತು. ಇಷ್ಟು ದಿನ ಇರದಿದ್ದ ಗುಂಯ್ ಸದ್ದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಅತ್ತೆ ಹಿತ್ತಲಿನ ಕಡೆ ಕತ್ತು ತಿರುಗಿಸಿ, ಏನೂ ನಡೆದೇ ಇಲ್ಲವೆನ್ನುವ ಹಾಗೆ, “ಲೇ ಅಕ್ಕಯ್ಯಾ, ನೀನೂ ಬಾ. ನೀರು ಹಾಯ್ಸು” ಎಂದು ಕರೆದಳು. ಅಕ್ಕಯಮ್ಮನಿಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಬಳ್ಳಿಯ ಮೇಲಿದ್ದ ಆರೋಪ ಬಿಟ್ಟರು, ಹೂವಿನ ಮೇಲಿದ್ದದ್ದು ಬಿಟ್ಟರು, ನೊಣಕ್ಕೂ ಅದರ ಪಾಲು ಸಿಕ್ಕಿತು. ತನ್ನದು? ಒಂದು ಕುಂಬಳದ ಬಳ್ಳಿಗೆ ಒಂದು ದಿನದಲ್ಲಿ ಸಿಕ್ಕ ನ್ಯಾಯ ಹೆಂಡತಿಗೆ ಹನ್ನೆರಡು ವರ್ಷದಲ್ಲಿ ಸಿಗಲಿಲ್ಲವೆಂದರೆ ಇವರು ಎಂಥ ಜನ! ತೋಟಕ್ಕೆ ಕರೆದದ್ದನ್ನೇ ಕ್ಷಮೆ ಎಂದು ತಿಳಿದು ಸೆರಗು ಕಟ್ಟಿ ಓಡಬೇಕು ತಾನು. ಅವಳು ಟ್ರಂಕಿನಿಂದ ಆಸ್ಪತ್ರೆಗೆ ಉಟ್ಟಿದ್ದ ನೀಲಿ ಸೀರೆ ತೆಗೆದು ಉಟ್ಟು, ತಲೆ ಬಾಚಿ, ಜಗಲಿಯ ಬಾಗಿಲಿನಲ್ಲಿ ಬಂದು ನಿಂತಳು. ಮುನಿರಾಜಪ್ಪ ಖಾಲಿ ಬುಟ್ಟಿ ಹಿಡಿದುಕೊಂಡು ವಾಪಸು ಬರುತ್ತಿದ್ದ.

“ಬಳ್ಳಿ ವಿಷಯ ಮುಗೀತು. ನಂದು ಮುಗಿದಿಲ್ಲ” ಎಂದಳು. “ಇವತ್ತು ದಂಡಿನ ಆಸ್ಪತ್ರೇಲಿ ಡಾಕ್ಟರು ಇರ್ತಾರೆ. ಅಲ್ಲಿಗೆ ಆ ಕೋಟು ಬ್ಯಾಡ, ಬಿಚ್ಚಿಡಿ. ನಡೀರಿ.”

ಅವನು ತಿರುಗಿ ಅಮ್ಮನ ಕಡೆ ನೋಡಿದ. ಚಿಕ್ಕಮುನಿಯಮ್ಮನಿಗೆ ಕೇಳಿಸಿತ್ತು. ಅವಳು ಹೂವುಗಳ ಮೇಲೆ ಕೂರುತ್ತ ಏಳುತ್ತ ಇದ್ದ ನೊಣಗಳನ್ನೇ ನೋಡುತ್ತಿದ್ದಳು, ಮಗನ ಕಡೆ ತಿರುಗಲಿಲ್ಲ. ಮುನಿರಾಜಪ್ಪ ಬುಟ್ಟಿ ಕೆಳಗಿಟ್ಟ. ಅವನ ಕೈ ಕೋಟಿನ ಮೇಲಿನ ಹಿತ್ತಾಳೆ ಗುಂಡಿಗೆ ಹೋಗಿ ಅಲ್ಲೇ ನಿಂತಿತು. ಅಕ್ಕಯಮ್ಮ ಬಾಗಿಲು ಬಿಡಲಿಲ್ಲ.